ಮಾವನ ದನಿಯೂ ನನ್ನ ಟೇಬಲ್ ಫ್ಯಾನೂ

ಕಂಪ್ಯೂಟರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ವಿಷಯದಲ್ಲಿ ಇಡೀ ಚಾಮರಾಜನಗರದಲ್ಲಿ ನನ್ನಷ್ಟು ಜಾಗರೂಕ ಮನುಷ್ಯ ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ಬೇರೆ ಯಾರೂ ಹೇಳಲಿಲ್ಲ.

ಹಗಲು ನಾನು ಕಚೇರಿಯ ಗುಮಾಸ್ತ. ಸಂಜೆ ಮತ್ತು ಭಾನುವಾರ ಮಾತ್ರ ಧ್ವನಿಮುದ್ರಣ ತಜ್ಞ! ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಎರಡು ಸ್ಪೀಕರು, ಒಂದು ಮೈಕು ಇಟ್ಟುಕೊಂಡು ಭಜನಾ ಮಂಡಳಿಗಳ ಹಾಡನ್ನೂ, ಆಟೋಗೆ ಕಟ್ಟುವ ಪ್ರಚಾರದ ಕೂಗನ್ನೂ ಸಿಡಿಗೆ ಇಳಿಸಿಕೊಡುತ್ತಿದ್ದೆ. ಇದೆಲ್ಲದರ ನಡುವೆ ಕೂತಿದ್ದುದು ಮೈಸೂರಿನಲ್ಲಿ ಕೊಂಡು ತಂದ ಒಂದು ಕಪ್ಪು ಪೆಟ್ಟಿಗೆ. ಅದರ ಒಂದು ಕಾರ್ಡು ಕಂಪ್ಯೂಟರಿನ ಹೊಟ್ಟೆಯೊಳಗೆ, ಪೆಟ್ಟಿಗೆ ಹೊರಗೆ. ಹೊರಗಿನ ದನಿ ಕಂಪ್ಯೂಟರಿಗೆ ಹೋಗುವುದೂ, ಒಳಗಿನ ದನಿ ಸ್ಪೀಕರಿಗೆ ಬರುವುದೂ ಅದರ ಮೂಲಕವೇ. ಮಾರಿದವನು ನನ್ನ ಕೈ ಹಿಡಿದು ಹೇಳಿದ್ದ: "ಸಾರ್, ಪ್ರೋಗ್ರಾಂ ಓಡ್ತಾ ಇರುವಾಗ ಪೆಟ್ಟಿಗೆ ಆರಿಸಬೇಡಿ. ಮೊದಲು ಪ್ರೋಗ್ರಾಂ ಮುಚ್ಚಿ, ಆಮೇಲೆ ಪೆಟ್ಟಿಗೆ. ಹೇಳದೆ ಕೇಳದೆ ಆರಿಸಿದರೆ ಕಂಪ್ಯೂಟರ್ ನಿಂತಲ್ಲೇ ಕಲ್ಲಾಗುತ್ತೆ."

ಕಲ್ಲಾಗುತ್ತದೆ ಎಂದರೆ ಏನೆಂದು ಒಂದು ಭಾನುವಾರ ನನ್ನ ಹೆಂಡತಿ ರತ್ನಳ ಕಸಬರಿಕೆ ತೋರಿಸಿಕೊಟ್ಟಿತು. ಭಜನೆ ನಡೆಯುತ್ತಿದ್ದಾಗ ಕಸಬರಿಕೆ ತಗುಲಿ ಪೆಟ್ಟಿಗೆಯ ಪ್ಲಗ್ಗು ಕಿತ್ತು ಬಂತು. ಅವಳು ಗಾಬರಿಯಾಗಿ ಮತ್ತೆ ಸಿಕ್ಕಿಸಿದಳು. ಪರದೆಯ ಮೇಲೆ ಬಾಣ ಅಲ್ಲಾಡಲಿಲ್ಲ, ಕೀಲಿಗಳು ಕೇಳಲಿಲ್ಲ. ಆದರೆ ಸ್ಪೀಕರಿನಿಂದ, ಕೊನೆಗೆ ಹಾಡಿದ ತುಣುಕು ಮಾತ್ರ ಬರತೊಡಗಿತು. "ಶಿವಾ, ಶಿವಾ, ಶಿವಾ, ಶಿವಾ..." ಉಸಿರಿಲ್ಲ, ನಿಲುಗಡೆಯಿಲ್ಲ. ಸ್ವಿಚ್ಚು ಒತ್ತಿ ಹಿಡಿದು ಕಂಪ್ಯೂಟರನ್ನು ಸಾಯಿಸುವ ತನಕ ಆ ಮಂಡಳಿಯ ಅಧ್ಯಕ್ಷರು ಕೈ ಮುಗಿದುಕೊಂಡೇ ನಿಂತಿದ್ದರು.

ಅಂದಿನಿಂದ ನಾನು ಎಚ್ಚೆತ್ತೆ. ಕರೆಂಟು ಹೋದರೂ ಕಂಪ್ಯೂಟರು ನಡೆಯಲಿ ಎಂದು ಒಂದು ಯುಪಿಎಸ್ ತಂದೆ. ಅದಕ್ಕೆ ಮೂರೇ ಸಾಕೆಟ್ಟು. ಒಂದಕ್ಕೆ ಕಂಪ್ಯೂಟರು. ಇನ್ನೊಂದಕ್ಕೆ ಮಾನಿಟರು. ಮೂರನೆಯದನ್ನು ಯಾರಿಗೆ ಕೊಡುವುದು? ಗಾಢವಾಗಿ ಆಲೋಚಿಸಿ ಟೇಬಲ್ ಫ್ಯಾನಿಗೆ ಕೊಟ್ಟೆ. ತಜ್ಞನು ಬೆವರಿದರೆ ತಂತ್ರಜ್ಞಾನ ಏನು ಮಾಡೀತು?

"ಆ ಪೆಟ್ಟಿಗೆಗೆ?" ಎಂದಳು ರತ್ನ.

"ಅದು ಗೋಡೆಯ ಕರೆಂಟಿನಲ್ಲಿ ಇರುತ್ತೆ."

"ಕರೆಂಟು ಹೋದರೆ?"

"ಕರೆಂಟು ಹೋಗದ ಹೊತ್ತು ನೋಡಿಕೊಂಡು ಕೆಲಸ ಮಾಡುವುದೇ ಜಾಣತನ" ಎಂದೆ.

ಅವಳು ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನನ್ನ ಮಾವ ಮಾದೇಗೌಡರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರ ಊರು ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆಗೆ. ಅಲ್ಲಿ ಅತ್ತೆ ಪುಟ್ಟತಾಯಮ್ಮ, ಬಾಮೈದ ಮಾದೇಶ. ಅತ್ತೆ ಹಳೆಯ ಕಾಲದವರು, ಅಳಿಯನೊಡನೆ ನೇರವಾಗಿ ಮಾತಾಡುವವರಲ್ಲ. ನಾನು ಎದುರಿಗೇ ಕೂತಿದ್ದರೂ ಸೆರಗು ಎಳೆದುಕೊಂಡು ಬಾಗಿಲ ಮರೆಯಿಂದ "ಅಳಿಯಂದ್ರು ಕಾಪಿ ಕುಡುದ್ರಾ ಕೇಳಮ್ಮಿ" ಎಂದು ಮಗಳಿಗೆ ಹೇಳುವರು. ನಾನು "ಕುಡಿದೆ ಅಂತ ಹೇಳು" ಎಂದು ಹೆಂಡತಿಗೆ ಹೇಳುವೆ. ಮದುವೆಯಾದಂದಿನಿಂದ ನಮ್ಮಿಬ್ಬರ ಸಂಭಾಷಣೆಯೆಲ್ಲ ರತ್ನಳ ಮೂಲಕವೇ ನಡೆದಿತ್ತು.

ಆ ವರ್ಷ, ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಪಕ್ಷದ ಹಬ್ಬಕ್ಕೆ ಮುಂಚೆ ಅತ್ತೆ ಅದೇ ದಾರಿಯಲ್ಲಿ ಒಂದು ಬೇಡಿಕೆ ಕಳಿಸಿದರು. ನಮ್ಮ ಮದುವೆಯಲ್ಲಿ ಹೆಂಗಸರು ಸೋಬಾನೆ ಹಾಡುವಾಗ ಯಾರೋ ಟೇಪ್ ರೆಕಾರ್ಡರ್ ಇಟ್ಟಿದ್ದರು. ಹಾಡಿನ ಮಧ್ಯೆ ಮಾವ ಆ ಕಡೆಯಿಂದ ಹಾದುಹೋಗುತ್ತ ಅತ್ತೆಗೆ ಏನೋ ಕೂಗಿ ಹೇಳಿದ್ದು ಅದರಲ್ಲಿ ಸಿಕ್ಕಿಕೊಂಡಿತ್ತು. ಅವರ ದನಿ ಅಂತ ಈ ಭೂಮಿಯ ಮೇಲೆ ಉಳಿದಿದ್ದು ಅಷ್ಟೇ. ಈಗ ಆ ಕ್ಯಾಸೆಟ್ಟು ಸವೆದು, ಮಾವ ಹಾಳುಬಾವಿಯ ತಳದಿಂದ ಮಾತಾಡಿದ ಹಾಗೆ ಕೇಳುತ್ತಿತ್ತು.

"ಅದ್ರಲ್ಲಿ ಅವ್ರು 'ನೀನ್ ಉಂಡ್ಯಾ' ಅಂತ ನನ್ನ ಕೇಳವ್ರ ಕಣಮ್ಮಿ" ಎಂದಿದ್ದರಂತೆ ಅತ್ತೆ. "ಇಡೀ ಜಲ್ಮದಲ್ಲಿ ಕೇಳಿದ್ದು ಅದೊಂದ್ಸತಿಯ. ಪಕ್ಷದ ದಿನ ಒಂದೇ ಒಂದ್ಸತಿ ನೆಟ್ಟಗ ಕೇಳುಸ್ಬುಟ್ರ ಸಾಕು ಅಂತ ಅಳಿಯಂದ್ರುಗ ಯೇಳು."

"ಕ್ಯಾಸೆಟ್ಟು ಕಳಿಸಲು ಹೇಳು, ಇಲ್ಲೇ ಸರಿಮಾಡಿ ಸಿಡಿ ತರುತ್ತೇನೆ" ಎಂದೆ. ಅತ್ತೆ ಒಪ್ಪಲಿಲ್ಲ. ಅವರ ದನಿ ಮನೆ ಬಿಟ್ಟು ಹೋಗಕೂಡದು. ಹಾಗಾಗಿ ನಾನೇ ಸಕಲ ಸಲಕರಣೆಗಳೊಂದಿಗೆ ಹೊರಡಬೇಕಾಯಿತು. ಕಂಪ್ಯೂಟರನ್ನು ನನ್ನ ತೊಡೆಯ ಮೇಲೆ, ಬಿಳಿ ದುಪ್ಪಟಿಯಲ್ಲಿ ಸುತ್ತಿದ ಮಾನಿಟರನ್ನು ರತ್ನಳ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆವು. ಪಕ್ಷದ ಅಮಾವಾಸ್ಯೆ ಬೇರೆ. ತೆರಕಣಾಂಬಿಯಲ್ಲಿ ಹತ್ತಿದ ಅಜ್ಜಿಯೊಬ್ಬಳು ಆ ಬಿಳಿ ಗಂಟನ್ನೂ ನನ್ನ ಗಂಭೀರ ಮುಖವನ್ನೂ ನೋಡಿ, ಮಾತಾಡದೆ ಎದ್ದು ಹಿಂದಿನ ಸೀಟಿಗೆ ಹೋದಳು. ಗುಂಡ್ಲುಪೇಟೆ ಬರುವಷ್ಟರಲ್ಲಿ ನಮ್ಮ ಸುತ್ತ ನಾಲ್ಕು ಕಡೆಯೂ ಸೀಟು ಖಾಲಿ!

ಊರಿನ ಮನೆಯಲ್ಲಿ ನನಗೆ ಕೊಟ್ಟ ಜಾಗ ಅರಿಶಿನದ ಕೋಣೆ. ಕಿಟಕಿಯಿಲ್ಲದ ಕೋಣೆ. ಗೋಡೆಯುದ್ದಕ್ಕೂ ಅರಿಶಿನದ ಮೂಟೆ ಒಟ್ಟಿದ್ದರು. ಒಳಗೆ ಹೋಗಿ ಮಾತಾಡಿದರೆ ನಮ್ಮ ದನಿ ಬಾಯಿಂದ ಹೊರಗೆ ಬಿದ್ದ ಕೂಡಲೇ ಸತ್ತುಹೋಗುತ್ತಿತ್ತು, ಪ್ರತಿಧ್ವನಿಯೇ ಇಲ್ಲ. ಧ್ವನಿಮುದ್ರಣಕ್ಕೆ ಇಂಥ ಕೋಣೆ ಸಿಗುವುದು ಪುಣ್ಯ. ಆದರೆ ಅಲ್ಲಿ ಕೂತರೆ ಯಾರೋ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ಕೇಳುತ್ತಿದ್ದಾರೆ ಅನಿಸುತ್ತಿತ್ತು. ಮಾವ ಕೊನೆಯ ದಿನಗಳಲ್ಲಿ ಮಲಗಿದ್ದೂ ಅದೇ ಕೋಣೆಯಲ್ಲಿ ಎಂದು ಮಾದೇಶ ಹೇಳಿದ ಮೇಲೆ ನಾನು ಜೊತೆಗೆ ತಂದಿದ್ದ ಟೇಬಲ್ ಫ್ಯಾನಿನ ವೇಗ ಹೆಚ್ಚಿಸಿದೆ.

"ಬಾವ, ದೀಪ ಹಚ್ಚೋ ಹೊತ್ಗ ಇಲ್ಲೇ ಎಡೆ ಮಡುಗ್ಬೇಕು" ಎಂದ ಮಾದೇಶ. "ಎಡೆ ಮಡ್ಗಿ, ಬಾಗ್ಲಾಕ್ಕಂಡು ಎಲ್ಲಾ ಆಚ ನಿಂತ್ಕಬೇಕು. ಹಿರೀಕ್ರು ಬಂದು ಉಂಡೋಯ್ತರ. ಬಾಗ್ಲು ತಗಿಯೋಕ್ ಮುಂಚ ಕೆಮ್ಮಬೇಕು. ಯೇಳ್ದೆ ಕೇಳ್ದೆ ತಗುದ್ಬುಟ್ರ ಅರ್ಧ ಊಟ್ದಲ್ಲೇ ಎದ್ದೋಯ್ತರ."

ನನಗೆ ತಟ್ಟನೆ ಅರ್ಥವಾಯಿತು. ಇದು ನಮ್ಮ ಪೆಟ್ಟಿಗೆಯ ನಿಯಮವೇ! "ಸರಿಯಾಗಿ ಹೇಳಿದೆ" ಎಂದು ಬಾಮೈದನ ಬೆನ್ನು ತಟ್ಟಿದೆ. ಅವನಿಗೆ ಏನೂ ಅರ್ಥವಾಗಲಿಲ್ಲ.

ಮಧ್ಯಾಹ್ನ ಕೆಲಸಕ್ಕೆ ಕೂತೆ. ಅಡುಗೆಮನೆಯಿಂದ ಬಾಡಿನ ಸಾರಿನ ವಾಸನೆ. ಅತ್ತೆ, ರತ್ನ ಇಬ್ಬರೂ ಒಲೆಯ ಮುಂದೆ. ಎಡೆಗೆ ಇಡುವ ತನಕ ಯಾರೂ ಒಂದು ತೊಟ್ಟೂ ರುಚಿ ನೋಡುವ ಹಾಗಿಲ್ಲ. ನಾನು ಕ್ಯಾಸೆಟ್ಟು ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡೆ, ಗೊರಗೊರ ಸದ್ದನ್ನು ತೊಳೆದೆ, ದನಿ ಎತ್ತರಿಸಿದೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡೆ. ಸೋಬಾನೆಯ ಹಿಂದಿನಿಂದ ಯಾರೋ ನಡೆದು ಬಂದ ಸಪ್ಪಳ. ಆಮೇಲೆ ನನ್ನ ಕಿವಿಯೊಳಗೇ, ಮಾವ!

"ಏ ಪುಟ್ತಾಯಿ, ಸಾರ್ಗ ಉಪ್ಪಿಲ್ಲ ಕಣಮ್ಮಿ... ನೀನ್ ಉಂಡ್ಯಾ?"

ಅಷ್ಟು ಹತ್ತಿರ! ಹಿಂದೆ ತಿರುಗಿ ನೋಡಿದೆ. ಮೂಟೆಗಳಿದ್ದವು.

ಟೇಪ್ ರೆಕಾರ್ಡರಿನಿಂದ ಕ್ಯಾಸೆಟ್ಟು ತೆಗೆಯಲು ಹೋದರೆ ಅದು ಬಿಡಲಿಲ್ಲ. ನಾನೂ ಬಿಡಲಿಲ್ಲ. ಎಳೆದೆ. ಒರಳಿನಿಂದ ಶ್ಯಾವಿಗೆ ಬಂದಂತೆ ಕಂದು ಪಟ್ಟಿ ಉದ್ದಕ್ಕೂ ಸುರಿದು, ಪಟ್ ಎಂದು ಹರಿಯಿತು. ಆದರೆ ಗಾಬರಿ ಯಾಕೆ? ದನಿ ಕಂಪ್ಯೂಟರಿನಲ್ಲಿ ಸುರಕ್ಷಿತವಾಗಿದೆಯಲ್ಲ! ಸೇವ್ ಮಾಡಲು ಹೋದೆ. ಯಾವ ಹೆಸರಿನಲ್ಲಿ ಉಳಿಸಲಿ ಎಂದು ಕಂಪ್ಯೂಟರು ಕೇಳಿತು. ಬರೀ 'ಮಾವ' ಅಂದರೆ ಗೌರವ ಸಾಲದು. 'ಮಾವನವರ ಧ್ವನಿ' ಸಪ್ಪೆ. ಇಂಥ ಕೃತಿಗೆ ತಕ್ಕ ಹೆಸರು ಬೇಕು ಎಂದು ಮೇಲೆ ನೋಡುತ್ತಿದ್ದಾಗ ರತ್ನ ಕೂಗಿದಳು: "ರೀ, ಬಾಳೆಎಲೆ ಕುಯ್ದುಕೊಂಡು ಬನ್ನಿ!" ಹೆಸರು ಆಮೇಲೆ ಹೊಳೆದೀತು ಎಂದು ಎದ್ದೆ. ಹರಿದ ಕ್ಯಾಸೆಟ್ಟನ್ನು ಪಟ್ಟಿಯ ಸಮೇತ ಪ್ಯಾಂಟಿನ ಜೇಬಿಗೆ ತುರುಕಿದೆ.

ಬಾಳೆಎಲೆ ಕುಯ್ಯುವಾಗ ಹೆಸರು ಹೊಳೆಯಲಿಲ್ಲ, ಅದಕ್ಕಿಂತ ಅಪಾಯಕಾರಿಯಾದದ್ದು ಹೊಳೆಯಿತು. ಸುಮ್ಮನೆ ಕರೆದು ಕೇಳಿಸಿದರೆ ಏನು ಸ್ವಾರಸ್ಯ? ಎಡೆ ಇಟ್ಟು, ಬಾಗಿಲು ಹಾಕಿ, ಎಲ್ಲರೂ ಹೊರಗೆ ಮೌನವಾಗಿ ನಿಂತಿರುವಾಗ ಒಳಗಿನಿಂದ ಸಾಕ್ಷಾತ್ ಮಾವನ ದನಿಯೇ "ನೀನ್ ಉಂಡ್ಯಾ" ಎಂದು ಕೇಳಿದರೆ? ಅತ್ತೆಯ ಕಣ್ಣಲ್ಲಿ ನೀರು, ಅಳಿಯನಿಗೆ ಕೀರ್ತಿ. ಸೋಬಾನೆಯನ್ನು ಆದಷ್ಟು ಅಡಗಿಸಿ, ಮಾವನ ಹೆಜ್ಜೆಗೆ ಮುಂಚೆ ಒಂದಷ್ಟು ಹೊತ್ತಿನ ನಿಶ್ಶಬ್ದ ಸೇರಿಸಿಟ್ಟೆ. ಸಂಜೆ ಎಡೆ ಇಡುವಾಗ ಕಂಪ್ಯೂಟರು, ಮಾನಿಟರಿನ ಮೇಲೆ ಖಾಲಿ ಗೋಣಿಚೀಲ ಹೊದಿಸಿ ಮೂಟೆಯಂತೆಯೇ ಮಾಡಿದೆ. ಎಲ್ಲರೂ ಹೊರಗೆ ಹೊರಡುವಾಗ ಚೀಲದೊಳಗೆ ಕೈ ತೂರಿಸಿ ಗುಂಡಿ ಒತ್ತಿದೆ. ಕಂಪ್ಯೂಟರು ಬಿಸಿಯಾದೀತೆಂದು ಫ್ಯಾನು ಹಾಗೇ ಬಿಟ್ಟೆ.

ಎಡೆ ಭರ್ಜರಿಯಾಗಿತ್ತು. ಮುದ್ದೆ, ಬಾಡಿನ ಸಾರು, ವಡೆ, ಪಾಯಸ, ಮಾವನ ಬೀಡಿಕಟ್ಟು, ಎಲೆ ಅಡಿಕೆ. ಮೇಲೆ ಹಗ್ಗದ ಮೇಲೆ ಅವರಿಗೆಂದು ತಂದ ಹೊಸ ಪಂಚೆ. ಗೋಡೆಯ ಗೂಡಿನಲ್ಲಿ ಎಣ್ಣೆ ದೀಪ. ಮಾದೇಶ ಬಾಗಿಲು ಎಳೆದುಕೊಂಡ. ನಾವು ನಡುಮನೆಯಲ್ಲಿ ನಿಂತೆವು. ಪಕ್ಕದ ಮನೆಯ ಕೆಂಪಣ್ಣನೂ ಬಂದಿದ್ದರು. ಮಾವನ ಜೊತೆಗಾರ, ಹೊಲದ ಕಾವಲು ಗುಡಿಸಿಲಿನಲ್ಲಿ ಅವರೊಡನೆ ರಾತ್ರಿ ಕೂತು ಕಾಡಾನೆ ಓಡಿಸಿದ ಗಟ್ಟಿ ಆಸಾಮಿ.

ಹೊರಗೆ ಬೆಳಕು ಕಂದುತ್ತಿತ್ತು. ಕಾಡಿನ ಕಡೆಯ ಗಾಳಿ ನಿಂತುಹೋಯಿತು. ಬೀದಿಯ ನಾಯಿಯೊಂದು ಬೊಗಳುತ್ತಿದ್ದುದು ಯಾಕೋ ಮಧ್ಯದಲ್ಲೇ ಸುಮ್ಮನಾಯಿತು. ನಾನು ಮನಸ್ಸಿನಲ್ಲೇ ನಗುತ್ತ ಕಾದೆ.

ಒಳಗಿನಿಂದ ನಡೆದು ಬರುವ ಹೆಜ್ಜೆ ಸಪ್ಪಳ.

ಮಾದೇಶ ನನ್ನ ತೋಳು ಹಿಡಿದುಕೊಂಡ. ಅತ್ತೆ ತಲೆಯೆತ್ತಿದರು.

"ಏ ಪುಟ್ತಾಯಿ, ಸಾರ್ಗ ಉಪ್ಪಿಲ್ಲ..."

ಅಷ್ಟೇ! ಕರೆಂಟು ಹೋಯಿತು. ನಡುಮನೆಯ ಬಲ್ಬು ಆರಿತು. ಪೆಟ್ಟಿಗೆ ಆರಿತು. ಪ್ರೋಗ್ರಾಂ ಓಡುತ್ತಲೇ ಇತ್ತು. ಮುಂದಿನದು ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ.

ಕತ್ತಲಲ್ಲಿ ಒಳಗಿನಿಂದ ಯುಪಿಎಸ್ಸು "ಕುಂಯ್... ಕುಂಯ್..." ಎನ್ನತೊಡಗಿತು. ಆ ಹೊತ್ತಿನಲ್ಲಿ ನನಗೇ ಅದು ಯುಪಿಎಸ್ ಅನಿಸಲಿಲ್ಲ. ಆಮೇಲೆ ಬಲ್ಬು ಮಿಣುಕಿ ಹೊತ್ತಿಕೊಂಡಿತು. ಪೆಟ್ಟಿಗೆಗೂ ಜೀವ ಬಂತು.

"ಉಪ್ಪಿಲ್ಲ, ಉಪ್ಪಿಲ್ಲ, ಉಪ್ಪಿಲ್ಲ, ಉಪ್ಪಿಲ್ಲ, ಉಪ್ಪಿಲ್ಲ..."

ಮಾವನದೇ ದನಿ. ಉಸಿರಿಲ್ಲ, ಏರಿಳಿತವಿಲ್ಲ. ಬದುಕಿದ್ದ ಮನುಷ್ಯ ಯಾವನೂ ಹಾಗೆ ಹೇಳಲಾರ.

"ಅಯ್ಯೋ ಮಾದೇಸ್ವರ!" ಎಂದು ಕೆಂಪಣ್ಣ ಕಂಬ ತಬ್ಬಿಕೊಂಡರು. "ಗೌಡ ಬಂದವ್ನ ಕಣ್ರಪ್ಪಾ!"

"ಉಪ್ಪು ಹಾಕಿರಲಿಲ್ವೇನವ್ವ?" ಎಂದಳು ರತ್ನ.

"ನೀ ಹಾಕಿದ್ದೀಯ ಅಂದ್ಕಂಡಿದ್ದಿ ಕಣಮ್ಮಿ" ಎಂದರು ಅತ್ತೆ.

"ನೀನು ಹಾಕಿದ್ದೀಯ ಅಂತ ನಾನು ಅಂದ್ಕಂಡೆ!"

ಹಳೆಯ ಮದುವೆಯ ಸಾರಿನ ಮಾತನ್ನು ಕಂಪ್ಯೂಟರಿಗೆ ಹಾಕಿದವನು ನಾನು. ಆದರೆ ಇವತ್ತಿನ ಸಾರಿಗೆ ಉಪ್ಪಿಲ್ಲ ಎಂದು ಅದಕ್ಕೆ ಹೇಳಿದವರು ಯಾರು?

ಕರೆಂಟು ಮತ್ತೆ ಹೋಯಿತು. ಮಾವ ಸುಮ್ಮನಾದರು. ಕುಂಯ್. ಕರೆಂಟು ಬಂತು. "ಉಪ್ಪಿಲ್ಲ, ಉಪ್ಪಿಲ್ಲ." ಹೋಯಿತು. ಕುಂಯ್. ಆ ಕತ್ತಲಲ್ಲಿ ಕೆಂಪಣ್ಣ ಧೈರ್ಯ ಮಾಡಿ ಬಾಗಿಲ ಸಂದಿಗೆ ಕಣ್ಣಿಟ್ಟರು. ಇಟ್ಟವರು ಹಾಗೇ ಹಿಂದಕ್ಕೆ ಬಂದು ಕೂತುಬಿಟ್ಟರು.

"ಪಂಚ... ಪಂಚ ಉಟ್ಕತಾವ್ನ ಕಣ್ಲಾ ಮಾದೇಸ!"

ನಾನೂ ನೋಡಿದೆ. ನಿಜ. ಊರಿಗೇ ಕರೆಂಟಿಲ್ಲ, ಎಲೆ ಅಲುಗುವಷ್ಟು ಗಾಳಿಯಿಲ್ಲ. ಒಳಗೆ ದೀಪದ ಕುಡಿ ಬಾಗುತ್ತಿತ್ತು, ಏಳುತ್ತಿತ್ತು. ಬಿಳಿ ಪಂಚೆ ಮೆಲ್ಲಗೆ ಉಬ್ಬಿ, ಒಂದು ಕಡೆಗೆ ತಿರುಗಿ, ಇಳಿದು, ಮತ್ತೆ ಉಬ್ಬುತ್ತಿತ್ತು. ಅದು ಯುಪಿಎಸ್ಸಿನಲ್ಲಿ ತಿರುಗುತ್ತಿರುವ ನನ್ನದೇ ಟೇಬಲ್ ಫ್ಯಾನು ಎಂದು ಹೊಳೆಯುವ ಹೊತ್ತಿಗೆ ನಾನು ಆಗಲೇ ಒಮ್ಮೆ ಕೈ ಮುಗಿದಾಗಿತ್ತು!

ಈಗ ಸತ್ಯ ಹೇಳಲೇಬೇಕಾಯಿತು. "ಹೆದರಬೇಡಿ. ಅದು ಕಂಪ್ಯೂಟರು. ಕಲ್ಲಾಗಿದೆ. ಒಳಗೆ ಹೋಗಿ ಆರಿಸಿಬಿಡುತ್ತೇನೆ" ಎಂದು ಬಾಗಿಲಿಗೆ ಕೈ ಹಾಕಿದೆ. ಸರಿಯಾಗಿ ಕರೆಂಟು ಬಂತು. "ಉಪ್ಪಿಲ್ಲ, ಉಪ್ಪಿಲ್ಲ..."

"ಆರುಸ್ಬೇಡಿ ಕಣಪ್ಪ."

ಯಾರು ಹೇಳಿದ್ದೆಂದು ತಿರುಗಿ ನೋಡಿದೆ. ಅತ್ತೆ! ಸೆರಗಿನ ಮರೆಯಿಲ್ಲ, ಮಗಳ ಮಧ್ಯಸ್ಥಿಕೆಯಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಕಂಪೂಟ್ರು ಅಂತ ನಂಗೂ ಗೊತ್ತು. ಆರುಸ್ಬುಟ್ರ ಮತ್ತ ಬಂದದಾ, ಅವ್ರ ದನಿ?"

ಹೆಸರು ಹೊಳೆಯದೆ ನಾನು ಸೇವ್ ಮಾಡಿರಲಿಲ್ಲ. ಕಂಪ್ಯೂಟರು ಸತ್ತರೆ ಅದರೊಳಗಿನದೂ ಸತ್ತಂತೆ. ಕ್ಯಾಸೆಟ್ಟು ಇದೆ ಎನ್ನೋಣವೆಂದರೆ ಅತ್ತೆಯ ಕಣ್ಣು ನನ್ನ ಕಾಲ ಬಳಿ ಇತ್ತು. ನನ್ನ ಜೇಬಿನಿಂದ ಕಂದು ಪಟ್ಟಿ ಇಳಿದು, ನಾನು ಓಡಾಡಿದಲ್ಲೆಲ್ಲ ನಡುಮನೆಯ ತುಂಬ ಹರಿದಾಡಿತ್ತು. ಅದರ ತುದಿ ಕೆಂಪಣ್ಣನ ಕಾಲಿಗೆ ಸುತ್ತಿಕೊಂಡಿತ್ತು.

"ಇಲ್ಲ ಅತ್ತೆ" ಎಂದೆ. ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಆ ಕ್ಷಣ ನನಗೆ ನಿಜವಾಗಿಯೂ ಅಳು ಬಂತು. ಅವರು ಬೇಡಿದ್ದು 'ಉಂಡ್ಯಾ' ಎಂಬ ಒಂದು ಮಾತು. ಅದನ್ನು ಕಳೆದು, ಅವರು ಜನ್ಮವಿಡೀ ಕೇಳಿ ಸಾಕಾಗಿದ್ದ 'ಉಪ್ಪಿಲ್ಲ'ವನ್ನು ಅವರಿಗೆ ಉಳಿಸಿಕೊಟ್ಟಿದ್ದೆ.

ಅತ್ತೆ ಬಾಗಿಲ ಪಕ್ಕದಲ್ಲೇ ಗೋಡೆಗೆ ಒರಗಿ ಕೂತು ಕೇಳತೊಡಗಿದರು. "ಉಪ್ಪಿಲ್ಲ, ಉಪ್ಪಿಲ್ಲ, ಉಪ್ಪಿಲ್ಲ." ಕರೆಂಟು ಹೋದಾಗ ಕಾಯುವರು. ಬಂದಾಗ ಸ್ವಲ್ಪ ನಗುವರು. ನಮ್ಮ ಹೆದರಿಕೆ ಹೋಗಿರಲಿಲ್ಲ, ಆದರೆ ಅಲ್ಲಿಂದ ಹೋಗಲೂ ಯಾರಿಗೂ ಮನಸ್ಸಿರಲಿಲ್ಲ.

ಮತ್ತೆ ಕತ್ತಲಾಯಿತು. ಯುಪಿಎಸ್ಸಿನ ಕುಂಯ್ ಕುಂಯ್ ಬಿರುಸಾಯಿತು. ಬ್ಯಾಟರಿ ಮುಗಿಯುತ್ತಿದೆ ಎಂದು ನನಗೆ ಗೊತ್ತಾಯಿತು. ಫ್ಯಾನು ತಿರುಗುತ್ತಲೇ ಇದೆ. ಬ್ಯಾಟರಿಯನ್ನು ಕುಡಿಯುತ್ತಿರುವುದು ಅದೇ! ಒಳಗೆ ಹೋಗಿ ಅದರ ಪ್ಲಗ್ಗು ಕಿತ್ತರೆ ಮಾವನ ದನಿ ಇನ್ನೂ ಒಂದಷ್ಟು ಹೊತ್ತು ಉಳಿದೀತು. ಆದರೆ ಎಡೆಯ ಬಾಗಿಲು, ಕೆಮ್ಮದೆ ತೆಗೆಯುವ ಹಾಗಿಲ್ಲ. ಕೆಮ್ಮೋಣವೆಂದರೆ ಗಂಟಲು ಒಣಗಿ ಕೆಮ್ಮೇ ಬರಲೊಲ್ಲದು!

ಅಷ್ಟರಲ್ಲಿ ಅತ್ತೆ ಎದ್ದರು. ಅಡುಗೆಮನೆಗೆ ಹೋಗಿ ಒಂದು ಹಿಡಿ ಉಪ್ಪು ತಂದರು. ಬಾಗಿಲ ಮುಂದೆ ನಿಂತು ಮೆಲ್ಲಗೆ ಕೆಮ್ಮಿ, ಒಳಗೆ ಹೋದರು. ಎಲೆಯ ಮೇಲಿನ ಸಾರಿಗೆ ಉಪ್ಪು ಉದುರಿಸಿದರು.

ಕುಂಯ್ ನಿಂತಿತು. ಫ್ಯಾನು ನಿಧಾನವಾಗಿ ನಿಂತಿತು. ಪಂಚೆ ಇಳಿದು ನೆಟ್ಟಗೆ ನಿಂತಿತು. ದೀಪದ ಕುಡಿ ಅಲುಗಲಿಲ್ಲ. ಅದೇ ಹೊತ್ತಿಗೆ ಕರೆಂಟು ಬಂತು, ಪೆಟ್ಟಿಗೆಯ ಹಸಿರು ದೀಪ ಹೊತ್ತಿತು. ಸ್ಪೀಕರಿನಿಂದ ಏನೂ ಬರಲಿಲ್ಲ.

"ಉಪ್ಪಾಕ್ದ ಕೂಡ್ಲೆ ಸುಮ್ಕಾಗ್ಬುಟ್ಟ, ನೋಡುದ್ರಾ?" ಎಂದರು ಕೆಂಪಣ್ಣ ಪಿಸುದನಿಯಲ್ಲಿ.

ಬ್ಯಾಟರಿಯ ವಿಷಯ ವಿವರಿಸಲು ಬಾಯಿ ತೆರೆದೆ. ರತ್ನ ನನ್ನ ಕಾಲು ತುಳಿದಳು.

ಅತ್ತೆ ಎಲೆಯ ಮುಂದೆ ಇನ್ನೂ ಕೂತಿದ್ದರು. ಖಾಲಿ ಮಣೆಯ ಕಡೆಗೆ ನೋಡಿ ಸಣ್ಣ ದನಿಯಲ್ಲಿ ಹೇಳಿದರು: "ನಾ ಆಮೇಲ ಉಂಡನಿ. ನೀವು ಮೊದ್ಲು ಉಣ್ಣಿ." ಟೇಪಿನಲ್ಲಿ ಉಳಿಯದ ಪ್ರಶ್ನೆಗೆ ಉತ್ತರ ಅದು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ನೆಲದ ಮೇಲಿನ ಪಟ್ಟಿಯನ್ನು ಸುತ್ತಿಕೊಳ್ಳುತ್ತ ತಲೆ ತಗ್ಗಿಸಿದೆ.

ಮುಂದೆ ಚಾಮರಾಜನಗರಕ್ಕೆ ಬಂದು ಆ ಕಂಪ್ಯೂಟರನ್ನು ಎಷ್ಟು ಜಾಲಾಡಿದರೂ, ತುಳಿದು ಸುಕ್ಕಾದ ಆ ಪಟ್ಟಿಯನ್ನು ಎಷ್ಟು ಅಂಟಿಸಿ ನೋಡಿದರೂ ಒಂದು ಅಕ್ಷರದ ದನಿಯೂ ಸಿಗಲಿಲ್ಲ. ಈಗ ಪೆಟ್ಟಿಗೆ ಯುಪಿಎಸ್ಸಿನಲ್ಲಿದೆ, ಫ್ಯಾನು ಅಟ್ಟದಲ್ಲಿದೆ. ಪೆಟ್ಟಿಗೆ ಆರಿಸುವ ಮುಂಚೆ ನಾನು ಪ್ರೋಗ್ರಾಂ ಮುಚ್ಚುತ್ತೇನೆ, ಮತ್ತು ಒಮ್ಮೆ ಕೆಮ್ಮುತ್ತೇನೆ. "ಡಾಕ್ಟರಿಗೆ ತೋರಿಸಿ" ಎನ್ನುತ್ತಾಳೆ ರತ್ನ.

ಆ ಸಂಜೆಯ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಎಡೆ ಎತ್ತಿದ ಮೇಲೆ ನಮಗೆಲ್ಲ ಎಲೆ ಹಾಕಿದರು. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದೆ. ನಾಲಗೆ ತಟಸ್ಥವಾಯಿತು. ಅತ್ತೆ ಉಪ್ಪು ಹಾಕಿದ್ದು ಮಾವನ ಎಲೆಗೆ ಮಾತ್ರ. ದೊಡ್ಡ ಪಾತ್ರೆಯ ಸಾರು ಹಾಗೇ ಇತ್ತು! ಮಾದೇಶನನ್ನು ನೋಡಿದೆ. ಅವನು ಸೂರು ನೋಡುತ್ತ ನುಂಗುತ್ತಿದ್ದ. ಕೆಂಪಣ್ಣ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದರು. ಆ ಮನೆಯಲ್ಲಿ ಇನ್ನೊಮ್ಮೆ 'ಉಪ್ಪಿಲ್ಲ' ಎನ್ನುವ ಎದೆಗಾರಿಕೆ ಯಾರಿಗಿದೆ?

ಅತ್ತೆ ಸಾರಿನ ಪಾತ್ರೆ ಹಿಡಿದು ನನ್ನ ಎಲೆಯ ಮುಂದೆಯೇ ಬಂದು ನಿಂತರು. ನೇರವಾಗಿ ನನ್ನನ್ನೇ ಕೇಳಿದರು.

"ಉಂಡ್ರಾ ಅಳಿಯಂದ್ರೇ? ಸಾರು ಎಂಗದ?"

"ಬಲು ರುಚಿ ಅತ್ತೆ" ಎಂದೆ. ಇನ್ನೂ ಎರಡು ಸೌಟು ಬಿತ್ತು. ಅದನ್ನೂ ಉಂಡೆ. ಅದಕ್ಕೆ ಉಪ್ಪಿಲ್ಲ ಎಂದು ಬಾಯಿಬಿಟ್ಟು ಹೇಳಬಲ್ಲವರು ಆ ಮನೆಯಲ್ಲಿ ಒಬ್ಬರೇ ಇದ್ದರು. ಅವರ ಬಾಯನ್ನು ನಾನೇ ಮುಚ್ಚಿಸಿದ್ದೆ, ಒಂದು ಟೇಬಲ್ ಫ್ಯಾನಿನ ಗಾಳಿಗೋಸ್ಕರ.